ಒದ್ದೆ ಕೈಯ ವಿಭೂತಿ

ಶಿವರಾತ್ರಿ ಕಳೆದು ವಾರವಾಗಿತ್ತು. ಬೆಳಗಿನ ಎಂಟಕ್ಕೇ ಬಿಸಿಲು ಚುರುಗುಟ್ಟತೊಡಗಿತ್ತು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ ಸ್ಫೂರ್ತಿ ಕಂಬಿ ಹಿಡಿಯದೆ, ಎರಡೂ ಅಂಗೈಗಳನ್ನು ಕಂಕುಳಲ್ಲಿ ಒತ್ತಿಕೊಂಡು, ತಿರುವು ಬಂದಾಗಲೆಲ್ಲ ಅಮ್ಮನ ಮೇಲೆ ವಾಲುತ್ತ ನಿಂತಿದ್ದಳು.

"ಕಂಬಿ ಹಿಡ್ಕೊಳೆ ಮಾರಾಯ್ತಿ, ಬಿದ್ದು ಹಲ್ಲು ಮುರ್ಕೋತೀಯ," ಅಂದಳು ಅಮ್ಮ ವಿಶಾಲಮ್ಮ.

"ಬೇಡ."

ಹಿಡಿದರೆ ಕಂಬಿ ಒದ್ದೆಯಾಗುತ್ತದೆ. ಆಮೇಲೆ ಅಲ್ಲಿ ಕೈಯಿಟ್ಟವರು ಮೊದಲು ತಮ್ಮ ಕೈ ನೋಡಿಕೊಳ್ಳುತ್ತಾರೆ, ಮತ್ತೆ ಅವಳ ಮುಖ ನೋಡುತ್ತಾರೆ. ಚಳಿಗಾಲವಿರಲಿ, ಮಳೆಗಾಲವಿರಲಿ, ಅವಳ ಅಂಗೈ ಬೆವರಿ ತೊಟ್ಟಿಕ್ಕುತ್ತಿತ್ತು. ಹೆದರಿದರಂತೂ ಕೇಳುವುದೇ ಬೇಡ. ಈಗ ಅವಳಿಗೆ ಹೆದರಿಕೆಯಾಗಿತ್ತು.

ಅವಳ ಶಾಲೆಯ ಹೊಲಿಗೆ ಟೀಚರ್ ಬಸವರಾಜೇಶ್ವರಿ ನಿನ್ನೆ ಸಂಜೆ ಶಿವಮೊಗ್ಗದ ಗೋಪಾಳದ ತಮ್ಮನ ಮನೆಯಲ್ಲಿ ಟೀ ಲೋಟ ಕೆಳಗಿಟ್ಟು, ಎದೆ ಒತ್ತಿಕೊಂಡು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ.

"ಅಮ್ಮ, ನಾನು ಗೇಟಲ್ಲೇ ನಿಂತಿರ್ತೀನಿ. ನೀನು ನೋಡ್ಕೊಂಡು ಬಾ."

"ನಿಂಗೋಸ್ಕರ ಅಷ್ಟು ಒದ್ದಾಡಿದೋರು. ಮುಖ ನೋಡಲ್ವಾ?"

"ನೋಡ್ಬೇಕು. ಆದ್ರೆ ಒಳಗೆ ಹೋದ್ರೆ ವಿಭೂತಿ ಹಚ್ಚಿಸ್ತಾರೆ. ನಮ್ಮ ಕ್ಲಾಸಿನ ರಶ್ಮಿನೂ ಬರ್ತಾಳೆ."

ಹೊಳೆಹೊನ್ನೂರಿನ ಅತ್ತೆಯ ಮನೆಯ ಪೂಜೆ ಇಬ್ಬರಿಗೂ ನೆನಪಿತ್ತು. ಸ್ಫೂರ್ತಿಯ ಅಂಗೈಯಲ್ಲಿದ್ದ ವಿಭೂತಿ ಕೆಸರಾದದ್ದು ಕಂಡು, "ಮೈ ನೀರು ದೇವರಿಗೆ ಹಚ್ಚೋದಾ?" ಎಂದು ಅತ್ತೆ ಎಲ್ಲರೆದುರೇ ಅವಳ ಕೈಯಿಂದ ತಟ್ಟೆ ಕಿತ್ತುಕೊಂಡಿದ್ದಳು.

*

ಎಂಟನೇ ತರಗತಿಯಲ್ಲಿ ಅವಳ ಸೂಜಿಗಳಿಗೆ ವಾರಕ್ಕೇ ತುಕ್ಕು ಹಿಡಿಯುತ್ತಿತ್ತು. ಬಿಳಿ ಬಟ್ಟೆಯ ಮೇಲೆ ಕಂದು ಚುಕ್ಕೆ ಬೀಳುತ್ತಿತ್ತು. ರಶ್ಮಿ ಅದನ್ನು ಎತ್ತಿ ಹಿಡಿದು, "ನಲ್ಲಿ ಬಂತು, ಬಕೆಟ್ ಇಡ್ರೇ," ಅಂದಿದ್ದಳು. ಅಂದಿನಿಂದ ಅದೇ ಹೆಸರಾಯಿತು. ಟೀಚರುಗಳು ಇದ್ದಾಗ ಹೆಸರು ಹೇಳುತ್ತಿರಲಿಲ್ಲ. ನಾಲಿಗೆಯಲ್ಲಿ ಟಪ್, ಟಪ್ ಎಂದು ತೊಟ್ಟಿಕ್ಕುವ ಸದ್ದು ಮಾಡುತ್ತಿದ್ದರು. ಯಾರ ಬಾಯಿಂದ ಬಂತೆಂದು ತಿಳಿಯುತ್ತಿರಲಿಲ್ಲ.

ಬಸವರಾಜೇಶ್ವರಿಗೆ ವಿಷಯ ತಿಳಿದಾಗ ಅವರು ಮಾಡಿದ್ದು ಎಡವಟ್ಟು. ಸ್ವಾತಂತ್ರ್ಯ ದಿನದ ಕುಣಿತಕ್ಕೆ ಹುಡುಗಿಯರನ್ನು ವೃತ್ತವಾಗಿ ನಿಲ್ಲಿಸಿ, ಸ್ಫೂರ್ತಿಯ ಕೈಯನ್ನು ತಾವೇ ಎತ್ತಿ ರಶ್ಮಿಯ ಕೈಯಲ್ಲಿಟ್ಟರು. ಹಾಡು ಮುಗಿಯುತ್ತಲೇ ರಶ್ಮಿ ಎಲ್ಲರಿಗೂ ಕಾಣುವಂತೆ ಲಂಗಕ್ಕೆ ಕೈ ಒರೆಸಿಕೊಂಡಳು, ಒಮ್ಮೆಯಲ್ಲ, ಮೂರು ಸಲ. ಮೈದಾನ ನಕ್ಕಿತು.

ಸಂಜೆ ಎಲ್ಲರೂ ಹೋದ ಮೇಲೆ ಟೀಚರ್ ಅವಳ ಬೆಂಚಿನ ತುದಿಗೆ ಬಂದು ಕುಳಿತರು.

"ನಿನ್ನ ಕೇಳ್ದೆ ನಿನ್ನ ಕೈ ಇನ್ನೊಬ್ಬಳಿಗೆ ಕೊಟ್ಟೆ. ನಂಗೆ ಬುದ್ಧಿ ಇರ್ಲಿಲ್ಲ ಕಣೆ. ಈಗ ಕೇಳ್ತೀನಿ. ಕೈ ಹಿಡೀಲಾ?"

ಸ್ಫೂರ್ತಿ ಬೇಡವೆಂದು ತಲೆಯಾಡಿಸಿದಳು.

"ಆಯ್ತು. ನಾಳೆ ಕೇಳ್ತೀನಿ."

ಮರುದಿನವೂ ಕೇಳಿದರು, ಅದರ ಮರುದಿನವೂ. ಒಂದು ಮಧ್ಯಾಹ್ನ ಸ್ಫೂರ್ತಿ ಹೂಂ ಅಂದಳು. ಟೀಚರ್ ಸ್ವಲ್ಪ ಹೊತ್ತು ಕೈ ಹಿಡಿದು ಕುಳಿತರು. ಬಿಟ್ಟ ಮೇಲೆ ಒರೆಸಿಕೊಳ್ಳಲಿಲ್ಲ. ಅದೇ ಕೈಯಲ್ಲಿ ಡಬ್ಬಿ ತೆಗೆದು ಚಿತ್ರಾನ್ನ ತಿಂದರು. ಹುಡುಗಿ ಅವರ ಬೆರಳುಗಳನ್ನೇ ನೋಡುತ್ತಿದ್ದಳು.

ಆಮೇಲೆ ಶಿವಮೊಗ್ಗದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಇದು ಅಂಟುವ ಕಾಯಿಲೆಯಲ್ಲ, ಔಷಧಿ ಇದೆ, ನಿಧಾನವಾಗಿ ಕಡಿಮೆ ಮಾಡಬಹುದು ಎಂದು ಡಾಕ್ಟರ್ ಹೇಳಿದ್ದನ್ನು ಹೆಡ್‌ಮಾಸ್ಟರಿಗೆ ತಿಳಿಸಿ, ಪರೀಕ್ಷೆಯಲ್ಲಿ ಕೈಯಡಿಗೆ ಬಟ್ಟೆ ಇಟ್ಟುಕೊಳ್ಳಲು ಒಪ್ಪಿಸಿದರು. ದಪ್ಪ ಹತ್ತಿಯ ಕರ್ಚೀಫುಗಳನ್ನು ಹೊಲಿದುಕೊಟ್ಟರು. ರಶ್ಮಿಯನ್ನೂ ಅವಳ ಅಪ್ಪನನ್ನೂ ಕೂರಿಸಿಕೊಂಡು ಮಾತಾಡಿದರು. ಆ ಹೆಸರಿಂದ ಕರೆಯುವುದು ನಿಂತಿತು. ಟಪ್ ಟಪ್ ಮಾತ್ರ ಹೊಲಿಗೆ ಟೀಚರ್ ರಜೆಯಿದ್ದ ದಿನ ಕೇಳಿಸುತ್ತಿತ್ತು.

ಇನ್ನು ಮೇಲೆ ಅವರಿಗೆ ದಿನವೂ ರಜೆಯೇ.

*

ಗೋಪಾಳದ ಮನೆಯ ಮುಂದೆ ಬಾಳೆಕಂಬ, ಸೇವಂತಿಗೆ ಕಟ್ಟಿ, ಟೀಚರನ್ನು ಕೂರಿಸಿ ಒಯ್ಯುವ ವಿಮಾನ ಸಿದ್ಧವಾಗುತ್ತಿತ್ತು. ಶಾಮಿಯಾನದ ಕೆಳಗೆ ಬಸ್ ಡ್ರೈವರ್ ರಂಗಪ್ಪ ಟೀಚರ ತಮ್ಮ ಶಿವಶಂಕರಪ್ಪನಿಗೆ ಹೇಳುತ್ತಿದ್ದ: "ಮೇಡಮ್ಮು ಹತ್ತದೆ ನಾನು ಭದ್ರಾವತಿ ಗಾಡಿ ಬಿಡ್ತಿರ್ಲಿಲ್ಲ ಸಾರ್. ನಾಲ್ಕು ಹಾರ್ನ್ ಹೊಡೀತಿದ್ದೆ. ಟೈಮ್‌ಕೀಪರ್ ಬೈತಿದ್ದ."

"ಆ ಹಾರ್ನಿಗೆ ತಿಂಡಿ ಅರ್ಧಕ್ಕೇ ಬಿಟ್ಟು ಓಡ್ತಿದ್ಲು ನಮ್ಮಕ್ಕ," ಅಂದ ಶಿವಶಂಕರಪ್ಪ. "ನೀವೇ ಅವಳ ಹೊಟ್ಟೆ ಒಣಗ್ಸಿದ್ದು."

ರಂಗಪ್ಪ ನಗಲು ಹೋಗಿ ಮುಖ ಮುಚ್ಚಿಕೊಂಡ.

"ನಂದೊಂದು ಬ್ಲೌಸ್ ಯುಗಾದಿಗೆ ಕೊಟ್ಟಿದ್ದು, ದೀಪಾವಳಿಗೆ ಬಂತು," ಅಂದರು ಪಕ್ಕದ ಮನೆಯ ಸತ್ಯಭಾಮಾ. "ಯಾವಾಗ ಕೇಳಿದ್ರೂ, ಮಕ್ಕಳ ಕರ್ಚೀಫ್ ಮುಗೀಲಿ ತಡೀರಿ ಅಂತಿದ್ರು. ಒಂದೊಂದು ಮಗೂಗೆ ಒಂದೊಂದು ಬಣ್ಣದ ಅಂಚು. ಯಾವ ಮಕ್ಕಳೋ ಏನೋ."

ಗೇಟಿನ ಬಳಿ ಸ್ಫೂರ್ತಿ ತನ್ನ ನೀಲಿ ಅಂಚಿನ ಕರ್ಚೀಫನ್ನು ಮುಷ್ಟಿಯಲ್ಲಿ ಹಿಂಡಿಕೊಂಡಳು. ತಾನೊಬ್ಬಳೇ ಎಂದುಕೊಂಡಿದ್ದಳು.

"ಸ್ಕೂಲ್ ಮಕ್ಕಳು ಬನ್ರಮ್ಮ, ಹೊತ್ತಾಯ್ತು," ಎಂದು ಒಳಗಿನಿಂದ ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಕರೆದರು.

ಓಡಿಹೋಗೋಣವೆನಿಸಿತು. ಕಾಲು ಮಾತ್ರ ಒಳಕ್ಕೆ ನಡೆಯಿತು. ನಡುಮನೆಯಲ್ಲಿ ಬಸವರಾಜೇಶ್ವರಿಯವರನ್ನು ಪದ್ಮಾಸನ ಹಾಕಿಸಿ ಕೂರಿಸಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗ. ಬಲಗೈ ಮಂಡಿಯ ಮೇಲೆ.

"ಹಣೆಗೆ ಮನೆಯವರು ಹಚ್ಚಿದಾರೆ. ನೀವು ಬಲಗೈಗೆ ಹಚ್ಚಿ," ಅಂದರು ಅಯ್ಯನವರು.

ನಾಲ್ವರು ಹುಡುಗಿಯರು ಸಾಲಾಗಿ ನಿಂತರು, ಕೊನೆಯವಳು ಸ್ಫೂರ್ತಿ. ಒಬ್ಬೊಬ್ಬರೂ ಗಿಂಡಿಯಿಂದ ಅಂಗೈಗೆ ನೀರು ಹನಿಸಿಕೊಂಡು, ವಿಭೂತಿ ಗಟ್ಟಿ ಉಜ್ಜಿ, ಮೂರು ಬೆರಳಿನಿಂದ ಟೀಚರ ತೋಳಿಗೆ ಎಳೆದು ಸರಿದರು. ಮೂರನೆಯವಳು ರಶ್ಮಿ. ಅವಳು ಹಚ್ಚಿದ ಮೇಲೆ ಉಳಿದದ್ದು ಹಸ್ತದ ಮೇಲ್ಭಾಗವೊಂದೇ.

ಟಪ್. ಟಪ್.

ಸ್ಫೂರ್ತಿ ತಟ್ಟನೆ ಅವಳ ಬಾಯಿ ನೋಡಿದಳು. ರಶ್ಮಿಯ ತುಟಿ ಮುಚ್ಚಿತ್ತು. ಅವಳ ಕೈಯ ಗಿಂಡಿ ಬಾಗಿ ನೆಲಕ್ಕೆ ಹನಿ ಬೀಳುತ್ತಿತ್ತು.

"ನೀರು ಹಾಕ್ಲೇನೇ?" ಅಂದಳು ರಶ್ಮಿ.

ಸ್ಫೂರ್ತಿ ಕೈ ಬಿಚ್ಚಿದಳು. ಅಂಗೈ ಆಗಲೇ ಹೊಳೆಯುತ್ತಿತ್ತು, ಮಣಿಕಟ್ಟಿನವರೆಗೂ ಇಳಿದಿತ್ತು. ರಶ್ಮಿ ನೋಡಿದಳು. ಎಲ್ಲರೂ ನೋಡಿದರು. ಈಗ ಹಿಂದೆ ಸರಿದರೆ ಟೀಚರ ಕೈಯನ್ನು ಇನ್ನೆಂದೂ ಮುಟ್ಟುವಂತಿಲ್ಲ.

"ಅಯ್ಯನೋರೆ," ಅಂದಳು. ಅವರಿಗೆ ಕೇಳಿಸಲಿಲ್ಲ. ಮತ್ತೆ ಅಂದಳು: "ಇದು ನೀರಲ್ಲ. ನನ್ನ ಕೈ ಬೆವರುತ್ತೆ. ಹಚ್ಚಬಹುದಾ?"

ಅಯ್ಯನವರು ವಿಮಾನದ ಕಡೆ ಕತ್ತು ಹಾಕಿ ಯಾರಿಗೋ ಹಗ್ಗ ಬಿಗಿಯಲು ಹೇಳುತ್ತಿದ್ದರು. ತಿರುಗಿ ಅವಳ ಕೈ ನೋಡಿದರು.

"ಹಾಗಾದ್ರೆ ನೀರು ಬೇಡ. ಉಜ್ಜಿ ಹಚ್ಚು ತಾಯಿ, ಬಿಸಿಲೇರ್ತಿದೆ," ಎಂದು ಗಟ್ಟಿಯನ್ನು ಅವಳ ಅಂಗೈಯಲ್ಲಿಟ್ಟರು.

ಸ್ಫೂರ್ತಿ ಗಟ್ಟಿ ಉಜ್ಜಿ ಬಗ್ಗಿದಳು. ಯಾರಿಗೂ ಕೇಳದ ಹಾಗೆ, "ಕೈ ಹಿಡೀಲಾ ಟೀಚರ್?" ಎಂದು ಕೇಳಿದಳು. ತುಸು ಕಾದಳು. ತಣ್ಣಗಿದ್ದ ಆ ಕೈಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮೂರು ಬೆರಳಿನಿಂದ ಎಳೆದಳು.

ಗೆರೆ ಕಾಣಲಿಲ್ಲ. ಚರ್ಮ ಒದ್ದೆಯಾಗಿ ಮಿನುಗಿತು, ಅಷ್ಟೇ.

"ಏನೂ ಹತ್ತೇ ಇಲ್ವಲ್ಲೇ," ಎಂದು ರಶ್ಮಿ ಪಿಸುಗುಟ್ಟಿದಳು. ಅಣಕವೋ ಗಾಬರಿಯೋ ತಿಳಿಯಲಿಲ್ಲ. ಅಷ್ಟರಲ್ಲಿ ಗಂಡಸರು ಬಂದರು, "ಸರೀರಿ, ಸರೀರಿ," ಎಂದರು. ಅಳು ಎದ್ದಿತು.

ಸ್ಫೂರ್ತಿ ಗೇಟಿಗೆ ಓಡಿದಳು. ಎಲ್ಲವನ್ನೂ ಕೆಡಿಸಿದೆ, ಬರಿಯ ಬೆವರು ಹಚ್ಚಿ ಕಳಿಸಿದೆ ಎಂದುಕೊಂಡಳು. ಬೀಳದಿರಲು ಗೇಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಸೋಮವಾರ ಹನ್ನೊಂದರ ಬಿಸಿಲಿನಲ್ಲಿ ಬಸವರಾಜೇಶ್ವರಿ ಟೀಚರ್ ಹೊರಟರು. ವಿಮಾನ ಶಾಮಿಯಾನದ ನೆರಳು ದಾಟಿ ಅವಳ ಮುಂದೆಯೇ ಹಾದು ರಸ್ತೆಗಿಳಿಯಿತು. ಮಂಡಿಯ ಮೇಲಿದ್ದ ಕೈಗೆ ಬಿಸಿಲು ಬಿತ್ತು. ಒದ್ದೆ ಆರುತ್ತ ಬಂದಂತೆ ಹಸ್ತದ ಮೇಲೆ ಮೊದಲು ಒಂದು, ಆಮೇಲೆ ಎರಡು, ಮೂರು ಗೆರೆ ಬೆಳ್ಳಗೆ ಎದ್ದವು.