ಮಿಕ್ಸಿಯಣ್ಣನ ಮಗಳ ಕಾಯಿಲೆ

ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವುದು ಅಗ್ಗದ ಬಾಬತ್ತು ಎಂದು ಮಿಕ್ಸಿಯಣ್ಣ ಲೆಕ್ಕ ಹಾಕಿದ್ದ. ಫೀಸು ಉಳಿಯಿತು. ವ್ಯಾನಿನ ದುಡ್ಡು ಉಳಿಯಿತು. ವರ್ಷಕ್ಕೆರಡು ಜೊತೆ ಬೂಟು, ಕುತ್ತಿಗೆ ಹಿಸುಕುವ ಟೈ, ಯಾರದೋ ಹುಟ್ಟಿದ ದಿನಕ್ಕೆ ಕೊಡುವ ಪೆನ್ಸಿಲ್ ಡಬ್ಬಿ, ಎಲ್ಲ ಉಳಿಯಿತು. ಖರ್ಚಿನ ಕಡೆಗೆ ಬಂದರೆ, ಹರಳು ಬೆಳೆಸುತ್ತೇವೆಂದು ನೀರಿಗೆ ಸುರಿದ ಉಪ್ಪು, ತೂಕ ಕಲಿಯುವಾಗ ಒಡೆದ ಮೊಟ್ಟೆ, ಗೋಡೆ ಮೇಲೆ ಬರೆದ ಭೂಪಟ ಮುಚ್ಚಲು ಬಳಿದ ಸುಣ್ಣ. ಇಷ್ಟೇ. ಒಂದು ಖರ್ಚು ಮಾತ್ರ ಅವನ ಲೆಕ್ಕಕ್ಕೆ ಸಿಕ್ಕಿರಲಿಲ್ಲ: ವಿವರಣೆ. ಶಾಲೆ ಯಾಕೆ ಬಿಡಿಸಿದಿರಿ ಅಂತ ಕಂಡವರೆಲ್ಲ ಕೇಳುತ್ತಾರೆ, ಕಂಡಾಗಲೆಲ್ಲ ಕೇಳುತ್ತಾರೆ. ಒಬ್ಬರಿಗೆ ಬಿಡಿಸಿ ಹೇಳುವ ಹೊತ್ತಿನಲ್ಲಿ ಒಂದು ಫ್ಯಾನ್ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿಬಿಡಬಹುದು.

ಮಿಕ್ಸಿಯಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮನೆಯ ಮುಂದಿನ ಕೋಣೆಯೇ ಅವನ ರಿಪೇರಿ ಅಂಗಡಿ. ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲ ಬಂದರೂ ಮಿಕ್ಸಿಯೇ ಜಾಸ್ತಿ ಬರುವುದರಿಂದ ಬೀದಿಯವರು ಹಾಗೆ ಕರೆದರು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಪಾಳಿಯ ಕೆಲಸ. ಒಂಬತ್ತು ವರ್ಷದ ಮಗಳಿಗೆ ಮನೆಯಲ್ಲಿ ಲಾಯರ್ ಅಂತಲೇ ಹೆಸರು, ಯಾರ ಮಾತನ್ನೂ ಸುಮ್ಮನೆ ದಾಟಿಹೋಗಲು ಬಿಡುವವಳಲ್ಲ. ಶಾಲೆಯಲ್ಲೂ ಬಿಡಲಿಲ್ಲ. ಪಾಠ ಮಾಡುತ್ತಿದ್ದ ಟೀಚರನ್ನು "ಇದು ನಿಮಗೆ ಹೇಗೆ ಗೊತ್ತು?" ಅಂತ ಕೇಳಿ ತರಗತಿಯ ಹೊರಗೆ ನಿಂತಳು. "ಕೇಳಿದ್ರೆ ಯಾಕೆ ಹೊರಗೆ ನಿಲ್ಲಬೇಕು?" ಅಂತ ಕೇಳಿ ಮರುದಿನವೂ ನಿಂತಳು. ಎರಡನೇ ಕ್ಲಾಸಿನ ಬಹುಪಾಲು ಹೀಗೆ ವರಾಂಡದಲ್ಲೇ ಮುಗಿಯಿತು.

"ಹೊರಗೆ ನಿಲ್ಲೋದಕ್ಕೂ ಫೀಸ್ ಕಟ್ಬೇಕೇನ್ರೀ?" ಅಂದಳು ಹೆಂಡತಿ. "ನಮ್ಮನೆ ಬಾಗಿಲಾಚೆ ಪುಕ್ಕಟೆ ನಿಲ್ಲಬಹುದಲ್ಲ."

ಅಲ್ಲಿಗೆ ತೀರ್ಮಾನವಾಯಿತು. ಪಾಳಿಯಿಲ್ಲದ ಹೊತ್ತಿನಲ್ಲಿ ಅಮ್ಮ ಓದಿಸುವುದು, ಉಳಿದ ಹೊತ್ತು ಅಪ್ಪನ ಪಾಲು. ಲಾಯರ್ ಚೆನ್ನಾಗಿಯೇ ಕಲಿತಳು. ತೊಂದರೆ ಬಂದದ್ದು ಹೊಸ್ತಿಲು ದಾಟಿದ ಮೇಲೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಮಗುವಿನ ಕೈ ಹಿಡಿದು ಬೀದಿಗೆ ಬಂದ ಗಂಡಸನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಅವನಿಗೆ ಕೆಲಸವಿಲ್ಲ, ಇಲ್ಲ ಮಗುವಿಗೆ ಅಮ್ಮನಿಲ್ಲ ಅಂತ ಅವರವರೇ ಬರೆದು ಮುಗಿಸಿರುತ್ತಾರೆ.

ಮೆಟ್ಟಿಲ ಮೇಲೆ ಕಾದು ಕೂತಿರುತ್ತಿದ್ದವರು ಮಹಡಿ ಮನೆಯ ಪಿಂಚಣಿ ತಾತ.

"ಏನಮ್ಮ, ಇವತ್ತೂ ರಜಾನಾ?"

"ಇಲ್ಲ ತಾತ, ಗಣಿತದ ಪಿರಿಯಡ್ಡು. ತರಕಾರಿ ತರೋಕೆ ಹೋಗ್ತಿದೀವಿ."

"ಓಹೋ. ಹಾಗಾದ್ರೆ ಹೇಳು, ಹದಿನೇಳೆಂಟ್ಲ ಎಷ್ಟು?"

"ಯಾಕೆ ತಾತ, ನಿಮಗೆ ಏನಕ್ಕೆ ಬೇಕಿತ್ತು?"

"ನಂಗೇನೂ ಬೇಡ. ನಿಂಗೆ ಬರುತ್ತಾ ಅಂತ."

"ನಿಮಗೆ ಬರುತ್ತಾ?"

ತಾತ ಮೇಲೆ ನೋಡಿದರು. ತುಟಿ ಅಲ್ಲಾಡಿತು. ಬೆರಳು ಮಡಿಸಿದರು, ಬಿಚ್ಚಿದರು. ಕೊನೆಗೆ ಮಿಕ್ಸಿಯಣ್ಣನ ಕಡೆ ತಿರುಗಿ, "ಮರ್ಯಾದೆ ಕಲಿಸೋದು ಎಷ್ಟನೇ ಪಿರಿಯಡ್ಡಪ್ಪ?" ಅಂದರು.

ದಿನಾ ಇದೇ ಪಾಡಾದರೆ ಯಾರಿಗೆ ಬೇಸರವಾಗುವುದಿಲ್ಲ? ಮಿಕ್ಸಿಯಣ್ಣ ತನಗೆ ಗೊತ್ತಿದ್ದ ದಾರಿ ಹಿಡಿದ. ಅವನು ಸುಳ್ಳುಗಾರನಲ್ಲ, ರಿಪೇರಿಯವನು. ಗಿರಾಕಿಯನ್ನು ಬಾಗಿಲಲ್ಲೇ ಸಮಾಧಾನ ಮಾಡಿ ವಾಪಸು ಕಳಿಸುವುದು ಅವನ ಕಸುಬಿನ ಅರ್ಧ ಭಾಗ. 'ನಿಮ್ಮದನ್ನ ಇನ್ನೂ ಮುಟ್ಟೇ ಇಲ್ಲ' ಅಂದರೆ ಜಗಳ. 'ಪಾರ್ಟ್ ಬಂದಿಲ್ಲ' ಅಂದರೆ ಗಿರಾಕಿಯೇ ಅಯ್ಯೋ ಪಾಪ ಅಂದು ಹೋಗುತ್ತಾನೆ. ಮತ್ತೆ ಬಂದರೆ 'ಬಂತು, ಸೈಜ್ ಬೇರೆ ಕಳಿಸಿದ್ದಾರೆ'. ಅದಕ್ಕೂ ಬಗ್ಗದೆ ಮತ್ತೂ ಬಂದರೆ 'ಕಂಪನಿನೇ ಮುಚ್ಚಿಹೋಯ್ತಂತೆ ಕಣ್ರೀ'. ಕಾಯುವುದು ಹೆಚ್ಚಾದಂತೆ ಕಾರಣವೂ ದೊಡ್ಡದಾಗಬೇಕು, ಅದು ಆ ಕಸುಬಿನ ನಿಯಮ.

ಮಗಳ ವಿಷಯಕ್ಕೂ ಅದನ್ನೇ ಬಳಸಿದ. ಕ್ಷೌರದಂಗಡಿಯಲ್ಲಿ 'ರಜೆ' ಅಂದ. ಬಸ್ಸಿನಲ್ಲಿ 'ಅರ್ಧ ದಿನ' ಅಂದ. ಔಷಧಿ ಅಂಗಡಿಗೆ ಹತ್ತಿ ತರಲು ಹೋದಾಗ, ಅದೂ ಬೀಜ ಮೊಳೆಸುವ ಪಾಠಕ್ಕೆ, ಮನೆಯಲ್ಲಿ ಬಿಚ್ಚಿಟ್ಟ ಮಿಕ್ಸಿ ಕಾಯುತ್ತಿತ್ತು. "ಮಗು ಶಾಲೆಗೆ ಹೋಗ್ಲಿಲ್ವಾ?" ಅಂದ ಅಂಗಡಿಯವನು. "ಸ್ವಲ್ಪ ಹುಷಾರಿಲ್ಲ" ಅಂದುಬಿಟ್ಟ. ಎರಡೇ ಪದ, ಮಾತು ಮುಗಿಯಿತು, ಚಿಲ್ಲರೆ ಕೈಗೆ ಬಂತು. ಎಂಥ ಸುಖ!

ಮುಂದಿನ ಸಲ ಹೋದಾಗ ಅವನು ಮರೆತಿರಲಿಲ್ಲ. "ಇನ್ನೂ ಸುಸ್ತು" ಅಂತ ಹೇಳಬೇಕಾಯಿತು. ಆಮೇಲೊಂದು ದಿನ "ಡಾಕ್ಟರು ಮಕ್ಕಳ ಗುಂಪಲ್ಲಿ ಬಿಡಬೇಡಿ ಅಂದಿದ್ದಾರೆ" ಅಂದ. ಇದನ್ನು ಹೇಳುವಾಗ ಗಾಜಿನ ಬಾಗಿಲಾಚೆ ಲಾಯರ್ ಒಂಟಿ ಕಾಲಲ್ಲಿ ಬೀದಿಯ ಆ ತುದಿಗೆ ಹೋಗಿ ಈ ತುದಿಗೆ ಕುಪ್ಪಳಿಸುತ್ತ ಬರುತ್ತಿದ್ದಳು. ಅಂಗಡಿಯವನು ಅವಳನ್ನೇ ನೋಡಿ, "ನೋಡೋಕೆ ಗೊತ್ತೇ ಆಗಲ್ಲ, ಪಾಪ" ಅಂತ ನಿಟ್ಟುಸಿರು ಬಿಟ್ಟ.

ಪಕ್ಕದ ಕಟ್ಟಡದ ಟೈಲರಕ್ಕ ಕೇಳಿದಾಗ ಮಿಕ್ಸಿಯಣ್ಣನ ಬಾಯಲ್ಲಿ ಅಭ್ಯಾಸಬಲದಿಂದ ಬಂತು: "ರಕ್ತ ಟೆಸ್ಟಿಗೆ ಕೊಟ್ಟಿದೀವಿ ಅಕ್ಕ. ರಿಪೋರ್ಟ್ ಬಂದಿಲ್ಲ."

ಕಟ್ಟಡಗಳ ಹಿಂದೆ ಒಂದು ಬಯಲು. ಸಂಜೆ ಐದಾದರೆ ಮಕ್ಕಳೆಲ್ಲ ಅಲ್ಲಿ ಸೇರುತ್ತಿದ್ದರು. ಅಮ್ಮಂದಿರು ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಲಾಯರ್‌ಗೆ ಇಡೀ ದಿನ ಒಂದು ತೂಕವಾದರೆ ಆ ಒಂದು ಗಂಟೆ ಒಂದು ತೂಕ. ಅವಳಿಗೆ ಓರಗೆಯವರು ಸಿಗುತ್ತಿದ್ದುದು ಅಲ್ಲಿ ಮಾತ್ರ. ಮೂರು ಗಂಟೆಯಿಂದಲೇ ಗಡಿಯಾರ ನೋಡಲು ಶುರು ಮಾಡುತ್ತಿದ್ದಳು.

ಒಂದು ಸಂಜೆ ಹೋದಷ್ಟೇ ಬೇಗ ತಿರುಗಿ ಬಂದಳು. ಅಪ್ಪನ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತಳು.

"ಇಷ್ಟು ಬೇಗ ಆಟ ಮುಗೀತಾ?"

"ಮುಟ್ಟಾಟ ಆಡಿದ್ವಿ. ನಾನೇ ಗೆದ್ದೆ."

"ಭೇಷ್."

"ನನ್ನ ಯಾರೂ ಮುಟ್ಟಲೇ ಇಲ್ಲ. ನಿಂತೇ ಇದ್ದೆ. ಹತ್ರ ಹೋದ್ರೂ ಓಡಿಹೋದ್ರು. ಎಲ್ಲರೂ ಔಟಾದ ಮೇಲೂ ನಾನು ಔಟಾಗ್ಲಿಲ್ಲ." ಮೇಜಿನ ಮೇಲಿದ್ದ ಒಂದು ನಟ್ಟು ತಿರುಗಿಸುತ್ತ ಕೇಳಿದಳು, "ಅಪ್ಪ, ನಂಗೆ ಏನು ಕಾಯಿಲೆ?"

ಮಿಕ್ಸಿಯಣ್ಣನ ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು. ಅದನ್ನು ಹುಡುಕುವ ನೆಪದಲ್ಲಿ ಅವನೂ ಮೇಜಿನ ಕೆಳಗೆ ಹೋದ.

"ಅಂಟೋ ಕಾಯಿಲೆ ಅಂತೆ" ಮೇಲಿನಿಂದ ದನಿ ಬಂತು. "ರಿಪೋರ್ಟ್ ಬಂದಿಲ್ವಂತೆ. ನಂದೇ ಕಾಯಿಲೆ, ನಂಗೇ ಹೇಳಿಲ್ಲ. ಇದು ನ್ಯಾಯನಾ?"

ಅಷ್ಟರಲ್ಲಿ ಹೆಂಡತಿ ಬಂದಳು. ಬಾಗಿಲಲ್ಲೇ ಚೀಲ ಎಸೆದಳು.

"ರೀ, ಎಲ್ಲಿದೀರಿ? ಮೇಜಿನ ಕೆಳಗಾ? ಸರಿಯಾದ ಜಾಗ. ಔಷಧಿ ಅಂಗಡಿಯವನು ನನ್ನ ನಿಲ್ಲಿಸಿ ಧೈರ್ಯ ಹೇಳಿದ! 'ಸಿಸ್ಟರ್, ನೀವೇ ಕುಗ್ಗಿದ್ರೆ ಹೇಗೆ' ಅಂದ. ನನ್ನ ಮಗಳಿಗೆ ಅದೇನೋ ಆಗಿದೆಯಂತೆ, ಇಡೀ ಬೀದಿಗೆ ಗೊತ್ತು, ನಂಗೊಬ್ಬಳಿಗೆ ಗೊತ್ತಿಲ್ಲ!"

"ನಂಗೂ ಗೊತ್ತಿರ್ಲಿಲ್ಲ" ಅಂದಳು ಲಾಯರ್.

ಮೇಜಿನ ಕೆಳಗಿಂದಲೇ ಮಿಕ್ಸಿಯಣ್ಣ ಎಲ್ಲವನ್ನೂ ಹೇಳಿದ. ಕೇಳಿದ ಮೇಲೆ ಹೆಂಡತಿ ಬಹಳ ಶಾಂತವಾಗಿ, "ನೀವು ಮಾಡಿದ್ದು, ನೀವೇ ಬಿಚ್ಚಿ" ಅಂದಳು.

ಅವನು ಮೊದಲು ಸುಲಭದ ರಿಪೇರಿಗೆ ಕೈ ಹಾಕಿದ. ಮರುದಿನ ಔಷಧಿ ಅಂಗಡಿಗೆ ಹೋಗಿ, "ರಿಪೋರ್ಟ್ ಬಂತು. ಪೂರ್ತಿ ವಾಸಿ. ಈಗ ಏನೂ ಇಲ್ಲ" ಅಂದ.

ಅಂಗಡಿಯವನು ಕನಿಕರದಿಂದ ನೋಡಿದ. "ಅಣ್ಣ, ಬೇಜಾರಾಗಬೇಡಿ. ಪೂರ್ತಿ ಸರಿಹೋಯ್ತು ಅಂತ ನೀವು ಕೊಟ್ಟ ಮಿಕ್ಸಿ ವಾರದೊಳಗೆ ಮತ್ತೆ ಕೂಗಿತು. ಮಗು ವಿಷಯದಲ್ಲಿ ಹುಷಾರಾಗಿರಿ."

ಆ ಸಂಜೆಯೂ ಮಕ್ಕಳು ದೂರ ಸರಿದರು. ಲಾಯರ್ ಮನೆಗೆ ಬಂದು ಗೋಡೆಗೆ ಚೆಂಡು ಹೊಡೆಯುತ್ತ ಕೂತಳು. ಅವಳು ವಾದ ಮಾಡಲಿಲ್ಲ, ಪ್ರಶ್ನೆ ಕೇಳಲಿಲ್ಲ. ಚೆಂಡು ಗೋಡೆಗೆ ಬಡಿಯುವ ಸದ್ದು ಕೇಳಿ ಕೇಳಿ ಮಿಕ್ಸಿಯಣ್ಣ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಮಾರನೆಯ ಸಂಜೆ ಅಂಗಡಿಯ ಬಾಗಿಲು ಎಳೆದು, ಮಗಳ ಕೈ ಹಿಡಿದು ಕಟ್ಟೆಯ ಬಳಿ ಹೋಗಿ ನಿಂತ. ಟೈಲರಕ್ಕ ನಡುವೆ ಕೂತಿದ್ದರು. ಅವರ ದೊಡ್ಡ ಮಗಳೇ ಮಕ್ಕಳ ಗುಂಪಿನ ನಾಯಕಿ. ಟೈಲರಕ್ಕ ಹೂಂ ಅನ್ನದೆ ಬಯಲಲ್ಲಿ ಯಾರೂ ಕದಲುತ್ತಿರಲಿಲ್ಲ.

"ಅಕ್ಕ, ಇವಳಿಗೆ ಕಾಯಿಲೆ ಇಲ್ಲ. ಯಾವತ್ತೂ ಇರ್ಲಿಲ್ಲ. ಇವಳನ್ನ ಮನೆಯಲ್ಲೇ ಓದಿಸ್ತಿದೀವಿ. ಅದನ್ನ ಎಲ್ಲರಿಗೂ ಬಿಡಿಸಿ ಹೇಳೋಕೆ ಸೋಮಾರಿತನ ಆಗಿ ಸುಳ್ಳು ಹೇಳಿದೆ."

ಟೈಲರಕ್ಕ ಕಣ್ಣು ಕಿರಿದು ಮಾಡಿದರು. "ಕಾಯಿಲೆ ಅಂದಾಗ ಅಷ್ಟು ಸಲೀಸಾಗಿ ಹೇಳಿದ್ರಿ. ಈಗ ಇಲ್ಲ ಅಂತಾನೂ ಅಷ್ಟೇ ಸಲೀಸಾಗಿ ಹೇಳ್ತಿದೀರಿ. ಯಾವುದನ್ನ ನಂಬಲಿ?"

"ಇದನ್ನ."

"ಹಾಗೋ? ಸರಿ. ನನ್ನ ಇಸ್ತ್ರಿಪೆಟ್ಟಿಗೆಗೆ ಪಾರ್ಟ್ ಬಂತಾ?"

ಮಿಕ್ಸಿಯಣ್ಣ ಮಗಳ ಮುಖ ನೋಡಿದ. ಅವಳು ಮಕ್ಕಳು ಓಡುವುದನ್ನೇ ನೋಡುತ್ತಿದ್ದಳು.

"ಪಾರ್ಟೇ ಬೇಕಾಗಿಲ್ಲ ಅಕ್ಕ. ವೈರ್ ಕಿತ್ತಿರಬೇಕು. ಇನ್ನೂ ಬಿಚ್ಚೇ ಇಲ್ಲ. ಮೇಜಿನ ಕೆಳಗೆ ನೀವು ಕೊಟ್ಟ ಚೀಲದಲ್ಲೇ ಇದೆ."

"ಎರಡು ತಿಂಗಳಾಯ್ತಲ್ರೀ! ಕಂಪನಿ ಮುಚ್ಚಿದೆ ಅಂದ್ರಿ!"

"ಕಂಪನಿ ನಡೀತಾ ಇದೆ."

ಕಟ್ಟೆಯ ತುಂಬ ಗದ್ದಲವೆದ್ದಿತು. "ನನ್ನ ಫ್ಯಾನಿನ ಮೋಟಾರ್ ಸುಟ್ಟಿದೆ ಅಂದ್ರಲ್ಲ?" "ಸುಟ್ಟಿಲ್ಲ, ಧೂಳು ತುಂಬಿತ್ತು." "ನನ್ನ ಮಿಕ್ಸಿ?" "ಅದು ಸರಿಯಾಗಿ ಬಹಳ ದಿನ ಆಯ್ತು. ಹೇಳೋಕೆ ಮರೆತೆ." ಒಬ್ಬರು ಬೈದರು, ಇನ್ನೊಬ್ಬರು ಹಣೆ ಚಚ್ಚಿಕೊಂಡರು. ಅಲ್ಲಿಗೂ ಬಂದು ಕೂತಿದ್ದ ಪಿಂಚಣಿ ತಾತ, "ನನ್ನ ರೇಡಿಯೋ?" ಅಂದರು. "ನಿಮ್ಮದರಲ್ಲಿ ಏನೂ ಕೆಟ್ಟಿಲ್ಲ ತಾತ, ಸೆಲ್ ಉಲ್ಟಾ ಹಾಕಿದ್ರಿ. ಅಂಗಡೀಲಿ ನಾನೇ ಕೇಳ್ತಿದ್ದೆ."

ಟೈಲರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಡೆಯಲಾಗದೆ ನಕ್ಕುಬಿಟ್ಟರು. "ಹೊಟ್ಟೆಪಾಡನ್ನೇ ಹಾಳು ಮಾಡ್ಕೊಂಡು ಯಾರಾದ್ರೂ ಇಂಥ ಸುಳ್ಳು ಹೇಳ್ತಾರಾ? ಇದು ನಿಜಾನೇ ಇರಬೇಕು." ಆಮೇಲೆ ಲಾಯರ್ ಕಡೆ ನೋಡಿ ದನಿ ತಗ್ಗಿಸಿದರು. "ಆದ್ರೂ ಶಾಲೆಗೆ ಹೋಗ್ದೆ ಮಗು ನಾಲ್ಕು ಜನರ ಜೊತೆ ಬೆರೆಯೋದು ಹೇಗೆ ಕಲಿಯುತ್ತೆ?"

"ಇಲ್ಲೇ ಕಲಿತಿತ್ತು ಅಕ್ಕ. ನಾನೇ ಕೆಡಿಸಿದೆ."

ಟೈಲರಕ್ಕ ಕತ್ತು ತಿರುಗಿಸಿ ಬಯಲಿಗೆ ಕೇಳುವಂತೆ ಕೂಗಿದರು: "ಏ, ಇವಳನ್ನೂ ಸೇರಿಸ್ಕೊಳ್ರೇ! ಇವಳಿಗೇನೂ ಆಗಿಲ್ಲ. ಆಗಿರೋದು ಇವಳಪ್ಪನಿಗೆ."

ಲಾಯರ್ ಕೈ ಬಿಡಿಸಿಕೊಂಡು ಓಡಿದಳು. ಮಕ್ಕಳು ಒಂದು ಕ್ಷಣ ಹಿಂದೆ ಸರಿದರು. ಟೈಲರಕ್ಕನ ಮಗಳು ಅಮ್ಮನನ್ನೊಮ್ಮೆ ನೋಡಿ, ಓಡಿಬಂದು ಲಾಯರ್ ಬೆನ್ನಿಗೆ ಪಟಾರನೆ ಒಂದು ಬಾರಿಸಿದಳು.

"ಔಟ್!"

"ಹೇಗೆ ಔಟ್? ಆಟ ಇನ್ನೂ ಶುರುನೇ ಆಗಿರ್ಲಿಲ್ಲ! ಶುರು ಅಂತ ಯಾರು ಹೇಳಿದ್ರು? ಯಾವಾಗ ಹೇಳಿದ್ರು?"

ಎಂಟು ಮಕ್ಕಳು ಒಟ್ಟಿಗೆ ಅವಳ ಮೇಲೆ ಕೂಗಾಡಲು ಶುರು ಮಾಡಿದರು. ಅವಳು ಎಂಟು ಜನರಿಗೂ ಒಬ್ಬಳೇ ಉತ್ತರ ಕೊಡುತ್ತಿದ್ದಳು.

ಮಿಕ್ಸಿಯಣ್ಣ ಮನೆಗೆ ಹೋಗಿ ದೀಪ ಹಾಕಿ ಇಸ್ತ್ರಿಪೆಟ್ಟಿಗೆ ಬಿಚ್ಚಿದ. ಆ ವಾರ ಎರಡು ಫ್ಯಾನು, ಒಂದು ಮಿಕ್ಸಿ ಅವನ ಅಂಗಡಿಯಿಂದ ಹೊರಟು ವೃತ್ತದ ಹತ್ತಿರದ ಬೇರೊಬ್ಬ ರಿಪೇರಿಯವನ ಕೈ ಸೇರಿದವು. ತಾತ ರೇಡಿಯೋ ವಾಪಸು ತೆಗೆದುಕೊಂಡು ಹೋದರು. ಉಳಿದ ಗಿರಾಕಿಗಳು ಇನ್ನು ಮುಂದೆ ಅವನ ಮಾತು ಕೇಳಿ ಹೋಗುವುದಿಲ್ಲ, ಒಳಗೆ ಬಂದು ಮೇಜಿನ ಕೆಳಗೆ ಬಗ್ಗಿ ನೋಡಿಯೇ ಹೋಗುತ್ತಾರೆ. ಕಳೆದುಹೋದದ್ದು ಇಷ್ಟು. ಮಗಳಿಗೆ ಸಂಜೆಯ ಆಟ ವಾಪಸು ಸಿಕ್ಕಿತು.