ತಂತಿ ನುಂಗುವ ವಸಡು

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮಧುಗಿರಿಯ ಬೆಟ್ಟವೇ ಕಾಣುತ್ತಿರಲಿಲ್ಲ. ಗಾಳಿ ಅಲುಗುತ್ತಿರಲಿಲ್ಲ. ಮೊಮ್ಮಗಳು ಲೋಹಿತಾಳ ದಿಂಬಿನ ಮೇಲೆ ಚನ್ನಮಲ್ಲಮ್ಮನಿಗೆ ಮತ್ತೆ ರಕ್ತದ ಕಲೆ ಕಂಡಿತು.

ಹಲ್ಲು ನೇರವಾಗಲೆಂದು ಹುಡುಗಿಗೆ ತಂತಿ ಹಾಕಿಸಿದ್ದರು. ಉಜ್ಜುವಾಗ ರಕ್ತ ಬಂದದ್ದೇ ತಡ, ಅಜ್ಜಿ ಉಜ್ಜುವುದನ್ನೇ ಬಿಡಿಸಿದ್ದಳು. ದಿನಾ ಮುಸ್ಸಂಜೆ ವಸಡಿಗೆ ವಿಭೂತಿ ಒತ್ತುತ್ತಿದ್ದಳು. ವಸಡು ಮಾತ್ರ ಉಬ್ಬುತ್ತಲೇ ಹೋಯಿತು. ತಂತಿ ಹಿಡಿದಿದ್ದ ಪುಟ್ಟ ಬಿಲ್ಲೆಗಳು ಒಂದೊಂದಾಗಿ ಮಾಂಸದೊಳಗೆ ಮುಳುಗಿದವು. ಬಾಯಿ ತೆರೆದರೆ ನೆಲದೊಳಗೆ ಬಹುಕಾಲ ಮುಚ್ಚಿಟ್ಟ ಕಾಳಿನ ಹಗೇವಿನ ವಾಸನೆ.

"ಒಳಗೆ ಏನೋ ಕೂತೈತೆ. ಕಬ್ಬಿಣ ತಿಂತಾ ಐತೆ," ಎಂದು ಪಿಸುಗುಟ್ಟಿದಳು ಅಜ್ಜಿ.

ತಂತಿ ಕೀಳಲೆಂದು ಅವಳು ಕರೆಸಿದ್ದ ಪಂಪ್‌ಸೆಟ್ ರಿಪೇರಿಯ ಜಯರಾಮಯ್ಯ ಜಗಲಿಯ ಮೇಲೆ ಕೂತು ಇಕ್ಕಳ ಒರೆಸುತ್ತಿದ್ದ.

"ಬೋರಿಂದ ಮೋಟ್ರೇ ಎತ್ತಿದ್ದೀನಿ, ಇದ್ಯಾವ ಮಹಾ, ಬುಡಮ್ಮ. ಒಂದೇ ಎಳ್ತ!"

"ಅಜ್ಜಿ, ಬ್ಯಾಡ," ಎಂದು ಲೋಹಿತಾ ಗೋಡೆಗೆ ಒತ್ತಿಕೊಂಡಳು.

ಮಂಜಿನೊಳಗಿಂದ ಎದುರುಮನೆಯ ಶಶಿರೇಖಾ ಬಂದಳು. ಹೋದ ವರ್ಷ ಅವಳ ಮಗನ ಹಲ್ಲಿಗೂ ತಂತಿ ಇತ್ತು.

"ಇಕ್ಕಳ ಕೆಳಗಿಡಣ್ಣೋ! ಅದೇನು ಹೊಲದ ಬೇಲಿನಾ? ತಂತಿ ಜೊತೆ ಹಲ್ಲೂ ಬಂದ್ಬುಟ್ರೆ ನೀನು ನೆಡ್ತೀಯಾ?"

"ನಿಂಗೊತ್ತಿಲ್ಲ ಕಣಮ್ಮ, ಇದು ಗಾಳಿ ಚೇಷ್ಟೆ," ಎಂದಳು ಅಜ್ಜಿ.

ಶಶಿರೇಖಾ ಮೊಬೈಲಿನ ಬೆಳಕು ಬಿಟ್ಟು ಹುಡುಗಿಯ ತುಟಿ ಸರಿಸಿದಳು. ಊದಿ ಕೆಂಪಾದ ವಸಡು ಬೆಳಕಿಗೆ ಮಿರಮಿರ ಮಿನುಗಿತು.

"ಸರ್ಯಾಗ್ ನೋಡಜ್ಜಿ. ತಂತಿ ಸಂದೀಲಿ ಅನ್ನದ ಅಗುಳು, ಬೂದಿ, ಲೋಳೆ. ಇದರ ನಂಜಿಗೇ ವಸಡು ಊದ್ಕಂಡಿರೋದು. ಉಜ್ಜದೆ ಬಿಟ್ಟಿದ್ಕೇ ರಕ್ತ ಜಾಸ್ತಿ ಆಗಿರೋದು."

"ಹಲ್ಲೂ ಅಲ್ಲಾಡ್ತಾವಲ್ಲೇ?"

"ತಂತಿ ಹಲ್ಲನ್ನ ಸರಿಸೋವಾಗ ಬುಡದ ಮೂಳೆ ಒಂದ್ಕಡೆ ಕರಗ್ತೈತೆ, ಇನ್ನೊಂದ್ಕಡೆ ಕಟ್ಕೊಂತೈತೆ. ಅದ್ಕೇ ಒಸಿ ಸಡಿಲ, ಅದಕ್ಕೆ ಹೆದರಬ್ಯಾಡ. ಆದ್ರೆ ನಂಜು ಆ ಮೂಳೆಗೇ ಇಳಿದ್ರೆ ಹಲ್ಲು ನಿಲ್ಲಕಿಲ್ಲ. ವಿಭೂತಿ ಹಣೆ ಮೇಲಿರ್ಲಿ ಅಜ್ಜಿ, ಈ ಮಗೀನ ಡಾಕ್ಟ್ರತ್ರ ಕರ್ಕಂಡೋಗನ."

ಜಯರಾಮಯ್ಯ ಇಕ್ಕಳವನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದ.

ಅಂದೇ ಮಧುಗಿರಿಯ ಹಲ್ಲಿನ ಡಾಕ್ಟರು ವಸಡಿನಂಚು ಶುಚಿ ಮಾಡಿದರು. ಅಜ್ಜಿ ಶಿವಶಿವಾ ಎನ್ನುತ್ತ ಮೊಮ್ಮಗಳ ಕೈ ಹಿಡಿದೇ ಇದ್ದಳು. "ಸ್ವಲ್ಪ ರಕ್ತ ಬಂದರೂ ಮೆತ್ತನೆ ಬ್ರಷ್‌ನಿಂದ ಉಜ್ಜಲೇಬೇಕು. ಊತ ಮೆಲ್ಲಗೆ ಇಳಿಯುತ್ತೆ. ಇಳಿಯದಿದ್ದರೆ ತಡಮಾಡದೆ ಬನ್ನಿ," ಎಂದರು ಡಾಕ್ಟರು.

ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮಕ್ಕಳ ಹಲ್ಲಿಗೂ ತಂತಿ ಇದೆಯೇ? ಇಂದು ಅವರ ತುಟಿ ಸರಿಸಿ ವಸಡು ನೋಡಿ. ಉಂಡ ಮೇಲೆ ತಂತಿಯ ಸಂದಿ ಬಿಡದಂತೆ ಉಜ್ಜಿಸಿ. ಡಾಕ್ಟರು ಹೇಳಿದ ದಿನಕ್ಕೆ ತಪ್ಪದೆ ತೋರಿಸಿ. ವಸಡು ಊದಿದರೆ, ರಕ್ತ ನಿಲ್ಲದಿದ್ದರೆ ಮನೆಮದ್ದಿಗೆ ಕಾಯಬೇಡಿ. ತಂತಿಯನ್ನು ನೀವೇ ಕೀಳಬೇಡಿ. ದೇವರು ಕೊಟ್ಟ ಹಲ್ಲಿಗೆ ವಸಡೇ ನೆಲ.

ಅಂದು ಸಂಜೆ ಚನ್ನಮಲ್ಲಮ್ಮ ದೇವರ ಗೂಡಿನ ಹಿಂದೆ ಕೈಯಾಡಿಸಿದಳು. ತಂತಿಯ ಸಂದಿಗೆಂದು ಡಾಕ್ಟರು ಹಿಂದೆಯೇ ಕೊಟ್ಟಿದ್ದ, ಇನ್ನೂ ಒಡೆಯದ ಪುಟ್ಟ ಬ್ರಷ್‌ಗಳ ಪೊಟ್ಟಣವನ್ನು ತೆಗೆದು ಮೊಮ್ಮಗಳ ಅಂಗೈಯಲ್ಲಿಟ್ಟಳು.