ಎಡಗೈ ಗಂಟು

ಒಂದೇ ತಿಂಗಳಲ್ಲಿ ಮೂರನೆಯ ಮಿಕ್ಸಿ ವಾಪಸು ಬಂದು ಕೌಂಟರಿನ ಮೇಲೆ ಕೂತಾಗ ಎಡಚಿಗೆ ನಗು ಬಂತು. ಸಿಟ್ಟು ನೆತ್ತಿಗೇರಿದರೆ ಅವಳಿಗೆ ಮೊದಲು ಬರುವುದು ನಗುವೇ. ಎಡಗೈಯಲ್ಲಿ ಕೆಲಸ ಮಾಡುವವಳೆಂದು ಬೀದಿಯವರು ಇಟ್ಟ ಹೆಸರನ್ನೇ ಅವಳು ಅಂಗಡಿಯ ಬೋರ್ಡಿಗೆ ಬರೆಸಿದ್ದಳು. ಹಿಂದಿನ ಕೋಣೆಯಲ್ಲಿ ಅವಳು ಮೋಟಾರಿಗೆ ತಂತಿ ಸುತ್ತಿ, ಮೇಲೆ ಕೆಂಪು ದಾರದ ಗಂಟು ಬಿಗಿಯುತ್ತಿದ್ದಳು, ಅಣ್ಣ ಮಿಕ್ಸಿ ಜೋಡಿಸುತ್ತಿದ್ದ. ಎರಡು ವರ್ಷದ ಗ್ಯಾರಂಟಿ; ಸುಟ್ಟರೆ ಹೊಸದು.

ತಂದವನು ದೊಡ್ಡ ಬೀದಿಯ ಅಂಗಡಿ ಯಜಮಾನ. ಅವಳ ಮಿಕ್ಸಿಗಳಲ್ಲಿ ಅರ್ಧ ಖರ್ಚಾಗುವುದು ಅವನಲ್ಲೇ.

"ನೋಡಮ್ಮಾ, ಇದೂ ಸುಟ್ಟೋಯ್ತು. ಗಿರಾಕಿ ನನ್ನ ಮುಖಕ್ಕೆ ಉಗೀತಾನೆ. ಹೊಸದು ಕೊಡು, ಹೋಗ್ತೀನಿ."

ಅಣ್ಣ ಆಗಲೇ ಕಪಾಟಿಗೆ ಕೈ ಹಾಕಿದ್ದ. "ಕೊಟ್ಟು ಕಳಿಸೋಣ ಕಣೆ," ಎಂದು ಪಿಸುಗುಟ್ಟಿದ. "ಕರೆಯೋ ಹಸು ಒದ್ದರೂ ಸಹಿಸ್ಕೋಬೇಕು."

"ಅಣ್ಣಾ, ಇಲ್ಲಿ ಹಸು ನಾವು. ಕರೀತಿರೋರು ಅವರು," ಎಂದು ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡಳು.

"ಬಿಚ್ಚೋದ್ಯಾಕೆ?" ಯಜಮಾನ ತಳದ ಸ್ಟಿಕರ್ ತೋರಿಸಿದ. "ಸೀಲ್ ಹಾಗೇ ಇದೆಯಲ್ಲ!"

ಹಿಂದಿನ ಎರಡು ಸಲ ಅವಳು ಮೋಸ ಹೋಗಿದ್ದು ಸೀಲ್ ನಂಬಿಯೇ. ಆಮೇಲೆ ತಾನೇ ಒಂದು ಸೀಲಿಗೆ ಕುದಿನೀರಿನ ಹಬೆ ಹಿಡಿದು ನೋಡಿದ್ದಳು. ಸಿಪ್ಪೆಯ ಹಾಗೆ ಎದ್ದು ಬಂತು, ಒತ್ತಿದರೆ ಮತ್ತೆ ಅಂಟಿತು.

ತಳ ಕಳಚಿದಳು. ಕರಕಲು ವಾಸನೆ. ಸುತ್ತಿದ ತಂತಿಯ ಮೇಲೆ ಬಿಗಿದಿದ್ದ ದಾರ ಮಾತ್ರ ಇನ್ನೂ ಕೆಂಪಗಿತ್ತು.

"ನಿನ್ನ ಕೆಂಪು ದಾರ ಇದೆ ತಾನೇ? ಇನ್ನೇನು ಸಾಕ್ಷಿ ಬೇಕು?" ಎಂದ ಯಜಮಾನ.

ದಾರದ ಮಾತನ್ನು ಯಾರೂ ಎತ್ತಿರಲಿಲ್ಲ; ಮೊದಲೇ ಬಿಚ್ಚಿ ನೋಡದವನಿಗೆ ಅದು ಅವಳದೆಂದು ಗೊತ್ತಿರುವಂತಿರಲಿಲ್ಲ. ಎಡಚಿ ಕಪಾಟಿನಿಂದ ಹೊಸ ಮಿಕ್ಸಿ ಇಳಿಸಿ, ಅದರ ತಳವನ್ನೂ ಬಿಚ್ಚಿ ಪಕ್ಕದಲ್ಲಿಟ್ಟಳು. ಜಾರಿನ ಬ್ಲೇಡು ಮಸೆಯಿಸಲು ಬಂದಿದ್ದ ದರ್ಜಿ ಹೆಂಗಸನ್ನು ಕರೆದಳು.

"ಅಕ್ಕಾ, ಗಂಟು ನೋಡಿ ಹೇಳಿ."

ದರ್ಜಿ ಕನ್ನಡಕ ಏರಿಸಿದಳು. "ಹೊಸದರದ್ದು ಎಡಕ್ಕೆ ವಾಲಿದೆ. ಇದು ಬಲಕ್ಕೆ. ಬೇರೆ ಕೈ ಕಣ್ರೀ, ಅದರಲ್ಲೇನು ಡೌಟು?"

ಎಡಗೈ ರೂಢಿ ಬಿಡಿಸಲೆಂದು ಅಪ್ಪ ಹತ್ತು ವರ್ಷ ಎಡಚಿಯ ಮಣಿಕಟ್ಟಿಗೆ ಹೊಡೆದಿದ್ದ. ಅವಳು ಬಿಟ್ಟಿರಲಿಲ್ಲ.

"ನನ್ನ ಮೋಟಾರು ತೆಗೆದು ಸುಟ್ಟಿದ್ದನ್ನ ಇಟ್ಟಿದ್ದೀರಿ, ಯಜಮಾನ್ರೇ. ದಾರ ಹೊಂದಿಸಿದ್ರಿ, ಕೈ ಹೊಂದಿಸೋಕಾಗಲಿಲ್ಲ."

ಯಜಮಾನನ ಕಿವಿ ಕೆಂಪಾಯಿತು. "ಒಂದು ಗಂಟಿಗೋಸ್ಕರ ನನ್ನಂಥ ಗಿರಾಕೀನ ಕಳ್ಕೋತೀಯಾ? ನಾಳೆಯಿಂದ ಒಂದು ಪೀಸೂ ಎತ್ತಲ್ಲ!"

"ಎತ್ತಬೇಡಿ. ನೀವು ತೆಗೆದುಕೊಂಡ ನನ್ನ ಮೂರು ಮೋಟಾರು ಎಲ್ಲೋ ಚೆನ್ನಾಗಿ ತಿರುಗ್ತಿರ್ತವೆ. ಸುಟ್ಟರೆ ತನ್ನಿ, ಗ್ಯಾರಂಟಿ ಇದೆ."

ದರ್ಜಿ ಕಿಸಕ್ಕೆಂದಳು. ಯಜಮಾನ ಸುಟ್ಟ ಮಿಕ್ಸಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟ. ಅದರ ತಳ ಕೌಂಟರಿನ ಮೇಲೆಯೇ ಉಳಿಯಿತು.

ಅಣ್ಣ ಸ್ಟೂಲಿನ ಮೇಲೆ ಕುಸಿದ. "ಅರ್ಧ ವ್ಯಾಪಾರ ಹೋಯ್ತಲ್ಲೇ!"

"ಅರ್ಧ ಉಳೀತು. ಏಳು, ಮೇಜು ಹಿಡಿ. ಇನ್ನು ಮೇಲೆ ನಾನು ಸುತ್ತೋದೂ ಇಲ್ಲೇ, ವಾಪಸು ಬಂದಿದ್ದನ್ನ ಬಿಚ್ಚೋದೂ ಇಲ್ಲೇ, ತಂದವರ ಎದುರಿಗೇ. ಸೀಲೂ ಬೇಡ, ಗೀಲೂ ಬೇಡ."

ಹಿಂದಿನ ಕೋಣೆಯಿಂದ ಎಳೆದ ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತು. ಬೆರಳಗಲದಷ್ಟು ಜಾಗ ಕಡಿಮೆ ಬಿತ್ತು.

"ಆಗಲ್ಲ ಬಿಡೇ. ಬಾಗಿಲು ಅಡ್ಡ ಬರುತ್ತೆ."

ಎಡಚಿ ಸ್ಕ್ರೂಡ್ರೈವರನ್ನು ಅವನ ಕೈಗಿಟ್ಟಳು.

"ಬಾಗಿಲನ್ನೇ ಬಿಚ್ಚು."